ವಾದಸೂಚಿಯಲ್ಲಿ ಬಿಟ್ಟ ಸಾಲು

ನಮ್ಮೂರಿನ ಕೋರ್ಟಿನಲ್ಲಿ ಒಬ್ಬರು ಒಮ್ಮೆ ಮಾಡಿದ ವಾದವನ್ನು ಮತ್ತೆ ಯಾರಿಗೂ ಮಾಡಲು ಬರುವುದಿಲ್ಲ. ಮಾಡಲು ಹೋದರೆ ಬಾಯಿ ತೆರೆಯುತ್ತದೆ, ದನಿ ಹೊರಡುವುದಿಲ್ಲ. ಶಬ್ದ ಬದಲಿಸಿ ನೋಡಿದವರಿದ್ದಾರೆ, ಮಾತನ್ನು ಹಿಂದುಮುಂದು ಮಾಡಿ ನೋಡಿದವರಿದ್ದಾರೆ, ಬರೆದುಕೊಡಲು ಹೋದವರೂ ಇದ್ದಾರೆ. ಪೆನ್ನು ಕಾಗದದ ಮೇಲೆ ಓಡುತ್ತದೆ, ಅಕ್ಷರ ಮೂಡುವುದಿಲ್ಲ. ಮೆಟ್ಟಿಲಿಳಿದು ಹೊರಗೆ ಬಂದರೆ ಅದೇ ಮಾತನ್ನು ನೂರು ಸಲ ಆಡಬಹುದು. ಒಳಗೆ ಮಾತ್ರ ಆಗದು. ಊರು ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಸಣ್ಣಪುಟ್ಟ ಜಗಳಗಳನ್ನು ಜನ ಕಟ್ಟೆಯ ಮೇಲೆ ಕೂತು ಬಗೆಹರಿಸಿಕೊಳ್ಳುತ್ತಾರೆ. ಒಳ್ಳೆಯ ಮಾತೊಂದನ್ನು ಕೋಳಿ ಕಳವಿಗೆ ಖರ್ಚು ಮಾಡಿಬಿಟ್ಟರೆ ನಾಳೆ ಕೊಲೆ ಕೇಸಿಗೆ ಏನು ಉಳಿಯಬೇಕು ಎಂಬ ಯೋಚನೆ ಅವರದು. ಕಕ್ಷಿದಾರರು ವಕೀಲರ ಮನೆಗೆ ಬಂದರೆ ಚಹಾ ಕುಡಿಯುವ ಮೊದಲೇ ಕೇಳುತ್ತಾರೆ: "ನಮ್ಮ ಕೇಸಿಗೆ ಏನರ ಉಳದೈತೇನ್ರಿ?"

ಇಂಥ ಊರಿನಲ್ಲಿ ವಕೀಲರಿಗೆ ಒಂದು ಪತ್ರಿಕೆ ಬೇಕಾಗುತ್ತದೆ. ಅದೇ 'ವಾದಸೂಚಿ'. ಅದಕ್ಕೆ ಈ ವರ್ಷ ನಲವತ್ತು ತುಂಬುತ್ತದೆ. ಚರಿತ್ರೆ ಬರೆದುಕೊಡಿ, ಎರಡು ಪುಟ ಸಾಕು, ಎಂದು ವಕೀಲರ ಸಂಘದವರು ಕೇಳಿದ್ದಾರೆ. ಇಪ್ಪತ್ತಾರು ವರ್ಷದಿಂದ ಅದರ ಸಂಪಾದಕನಾಗಿರುವ ನಾನು, ನೀಲಕಂಠ ಸವಡಿ, ಎರಡು ಪುಟದಲ್ಲಿ ಮುಗಿಸಬಲ್ಲೆ. ಆದರೆ ಅದರಲ್ಲಿ ನಡುವಿನ ಒಂದು ವರ್ಷವನ್ನು ಜಿಗಿದು ಹೋಗಬೇಕಾಗುತ್ತದೆ. ಜಿಗಿಯದೆ ಬರೆಯೋಣ ಎಂದು ಕೂತಿದ್ದೇನೆ.

ಪತ್ರಿಕೆ ಶುರು ಮಾಡಿದವರು ನಮ್ಮ ಹಿರಿಯ ವಕೀಲರಾದ ಹಣಮಂತರಾವ ಕೊಪ್ಪರ. ಅವರು ತರುಣರಾಗಿದ್ದಾಗ ಒಂದು ಕೇಸಿಗೆ ಮೂರು ತಿಂಗಳು ತಯಾರಿ ಮಾಡಿ, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು, ಬಾಯಿ ತೆರೆದು ಮೂಕರಾದರು. ಅವರ ಆ ವಾದವನ್ನು ಹನ್ನೊಂದು ವರ್ಷ ಹಿಂದೆ ಯಾರೋ ಒಬ್ಬರು ಎಮ್ಮೆ ಕಳವಿನ ಕೇಸಿನಲ್ಲಿ ಆಡಿ ಮುಗಿಸಿದ್ದರು. ಅವತ್ತು ಹೊಸ ಅಳಿಯನ ವಾದ ಕೇಳಲೆಂದು ಅವರ ಮಾವನವರು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಕೊಪ್ಪರ ಅವರು ಮರುದಿನದಿಂದ ನೋಟ್‌ಬುಕ್ಕು ಹಿಡಿದು ಕೋರ್ಟಿನಲ್ಲಿ ಕೂರತೊಡಗಿದರು. ಯಾರು ಯಾವ ವಾದ ಮಾಡಿದರು ಎಂದು ಬರೆದು, ನಾಲ್ಕು ಪುಟ ಸೈಕ್ಲೊಸ್ಟೈಲ್ ಮಾಡಿ ಹಂಚಿದರು. ಮುಂದೆ ಲಗ್ನಪತ್ರಿಕೆ ಅಚ್ಚು ಹಾಕುವವನೊಬ್ಬ ಒಪ್ಪಿಕೊಂಡ. ಅವನ ಬಳಿ ಬೇರೆ ಚಿತ್ರವಿಲ್ಲದ್ದರಿಂದ ಅಚ್ಚಾದ ಮೊದಲ ಸಂಚಿಕೆಯ ತಲೆಯ ಮೇಲೆ ಎರಡು ಗಿಳಿಗಳೂ ಮಾವಿನ ತೋರಣವೂ ಬಂದವು. ವಕೀಲರಿಗೆ ಗಿಳಿ ಹಿಡಿಸಿದ್ದರಿಂದ ಅವು ಹತ್ತು ವರ್ಷ ಅಲ್ಲೇ ಇದ್ದವು. ನ್ಯಾಯಾಧೀಶರ ವರ್ಗಾವಣೆ, ನಿವೃತ್ತರಾದ ಗುಮಾಸ್ತರ ಫೋಟೊ, ಕರಿ ಕೋಟು ಹೊಲಿಯುವ ದರ್ಜಿಯ ಜಾಹೀರಾತು ಎಲ್ಲವೂ ಅದರಲ್ಲಿ ಇರುತ್ತಿದ್ದವು. ಆದರೆ ಕೈಗೆ ಬಂದ ಕೂಡಲೇ ಎಲ್ಲರೂ ತೆರೆಯುತ್ತಿದ್ದುದು ಮೂರನೇ ಪುಟ. ಅಲ್ಲಿ 'ಮುಗಿದ ಮಾತು' ಎಂಬ ಪಟ್ಟಿ. ವಾದ ಒಂದು ಸಾಲಿನಲ್ಲಿ, ಆಡಿದವರ ಹೆಸರು ಬಲಗಡೆ.

ಒಮ್ಮೆ ಯಾರೋ 'ಉಳಿದ ಮಾತು' ಎಂಬ ಪಟ್ಟಿಯನ್ನೂ ಹಾಕಿ ಎಂದು ಸಲಹೆ ಕೊಟ್ಟರು. ಹಾಕಿದೆವು. ಮರುದಿನ ಬೆಳಿಗ್ಗೆ ಏಳು ಜನ ವಕೀಲರು ಒಂದೇ ಸಾಲನ್ನು ಬಾಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಓಡಿದರು. ಮೊದಲು ಮುಟ್ಟಿದವನಿಗೆ ಅವತ್ತು ಕೇಸೇ ಇರಲಿಲ್ಲ. ಆ ಪಟ್ಟಿ ಅದೇ ತಿಂಗಳು ನಿಂತಿತು.

ನಾನೂ ಶಾಂತವೀರ ಗಲಗಲಿಯೂ ಒಂದೇ ವರ್ಷ ಕೊಪ್ಪರ ಅವರ ಕೈಕೆಳಗೆ ಸೇರಿದವರು. ಒಂದೇ ಮೇಜಿನ ಎರಡು ಬದಿಗೆ ಕೂರುತ್ತಿದ್ದೆವು, ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆವು. ಶಾಂತವೀರ ಕಡತ ಓದುತ್ತಿರಲಿಲ್ಲ, ಕಕ್ಷಿದಾರನ ಮುಖ ಓದುತ್ತಿದ್ದ. ಎರಡು ಪ್ರಶ್ನೆ ಕೇಳಿ, ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿ, ನೂರು ವರ್ಷದಲ್ಲಿ ಯಾರೂ ಆಡದ ಮಾತೊಂದನ್ನು ತೆಗೆಯುತ್ತಿದ್ದ. ನಾನು ಅದೇ ಕಡತವನ್ನು ನಾಲ್ಕು ದಿನ ಓದಿ ಹುಡುಕಿದರೆ ನನಗೆ ಸಿಗುತ್ತಿದ್ದುದು ಯಾವಾಗಲೋ ಮುಗಿದುಹೋದ ಮಾತು. ಒಂದು ದಿನ ಕೊಪ್ಪರ ಅವರು ನನ್ನನ್ನು ಕರೆದು, "ನೀಲಕಂಠ, ನಿನ್ನ ಅಕ್ಷರ ಭಾಳ ದುಂಡಗ ಅದಾವು. ನೀ ಪತ್ರಿಕಿ ನೋಡ್ಕೊ. ಕೋರ್ಟು ಶಾಂತವೀರ ನೋಡ್ಕೋತಾನ" ಎಂದರು. ಪ್ರೀತಿಯಿಂದಲೇ ಹೇಳಿದರು. ನಾನು ಅವರ ಕಾಲು ಮುಟ್ಟಿ ಹೊರಗೆ ಬಂದೆ. ಆದರೆ ಆ ಮಾತು ಕಾಲಲ್ಲಿ ಮುರಿದ ಜಾಲಿ ಮುಳ್ಳಿನಂತೆ ಒಳಗೇ ಉಳಿಯಿತು.

ಹೊಟ್ಟೆಕಿಚ್ಚು ದೂರದವರ ಮೇಲೆ ಆದರೆ ತಡೆದುಕೊಳ್ಳಬಹುದು. ನನ್ನ ಕೆಲಸ ಹೇಗಿತ್ತೆಂದರೆ, ಅವನು ಆಡಿದ ಪ್ರತಿಯೊಂದು ಒಳ್ಳೆಯ ಮಾತನ್ನೂ ಕೇಳಿ, ಬರೆದುಕೊಂಡು, ತಿದ್ದಿ, ಬಲಗಡೆ ಅವನ ಹೆಸರು ಬರೆದು ಅಚ್ಚಿಗೆ ಕಳಿಸಬೇಕು. ತಿಂಗಳಿಗೆ ಒಂಬತ್ತು ಸಲ, ಹತ್ತು ಸಲ ಶಾಂತವೀರ ಗಲಗಲಿ, ಶಾಂತವೀರ ಗಲಗಲಿ ಎಂದು ಬರೆದು ಬರೆದು ನನ್ನ ಸಹಿಗಿಂತ ಅವನ ಹೆಸರೇ ನನ್ನ ಕೈಗೆ ಸಲೀಸಾಗಿತ್ತು. ಸಣ್ಣ ಸಣ್ಣ ಸೇಡು ತೀರಿಸಿಕೊಂಡೆ. ಅವನ ಸಾಲುಗಳನ್ನು ಪುಟದ ಕೊನೆಗೆ ತಳ್ಳಿದೆ. ಗಲಗಲಿ ಎಂಬುದು ಗಲಗಲ ಎಂದಾದಾಗ ಕರಡು ತಿದ್ದದೆ ಬಿಟ್ಟೆ. ಅವನು ಅದನ್ನು ಓದಿ ನಗುತ್ತ ಬಂದು, "ಲೇ ನೀಲ್ಯಾ, ನನ್ನ ಹೆಸರಿಗೆ ಗೆಜ್ಜಿ ಕಟ್ಟೀಯಲ್ಲಲೇ" ಎಂದ. ಅವನಿಗೆ ಸಿಟ್ಟು ಬಾರದಿದ್ದುದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನನ್ನ ಹೆಂಡತಿ ಕಮಲಾಕ್ಷಿ ಪತ್ರಿಕೆಯನ್ನು ಮೂರನೇ ಪುಟದಿಂದಲೇ ಓದುವವಳು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ, "ಎಷ್ಟು ಛಂದ ಮಾತಾಡ್ತಾರ್ರೀ ಇವರು. ನೀವು ಮನ್ಯಾಗರ ಹಿಂಗ ಒಂದು ಮಾತಾಡಬಾರದ?" ಎಂದಳು. ಅವಳು ಹೇಳಿದ್ದು ತಮಾಷೆಗೆ. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ.

ಪತ್ರಿಕೆಗೆ ಇಪ್ಪತ್ತೈದು ತುಂಬಿದ ವರ್ಷ ಸಂಘದವರು ವಿಶೇಷ ಸಂಚಿಕೆ ತರಬೇಕೆಂದು ಸಭೆ ಕರೆದರು. ಕೊಪ್ಪರ ಅವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಮುಖಪುಟಕ್ಕೆ ಅವರ ಫೋಟೊ ಎಂದು ನಾನು ಅಂದುಕೊಂಡಿದ್ದೆ. ಅಧ್ಯಕ್ಷರು ಎದ್ದು, "ಮುಗಿದ ಮಾತಿನೊಳಗ ಎಲ್ಲಾರಕಿಂತ ಹೆಚ್ಚು ಮಾತು ಯಾರದಾವು? ಗಲಗಲಿಯವರದು. ಮುಖಪುಟಕ್ಕ ಅವರದ ಫೋಟೊ ಇರಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಂತವೀರ ಬೇಡವೆಂದ, ಬೇಡವೆಂದಷ್ಟೂ ಚಪ್ಪಾಳೆ ಜೋರಾಯಿತು. ನಾನೂ ತಟ್ಟಿದೆ. ಪತ್ರಿಕೆ ನನ್ನದು, ಮುಖ ಅವನದು. ಅಂಗೈ ಉರಿಯುವಷ್ಟು ತಟ್ಟಿದೆ.

ಅದೇ ವಾರದ ಮಾತು. ಊರಿನ ನೇಕಾರರ ಸೊಸೈಟಿಯ ಗೋದಾಮಿಗೆ ಬೆಂಕಿ ಬಿದ್ದಿತ್ತು. ಸಂತೆಯ ದಿನ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದಾಗ. ಹೊಗೆಯೊಳಗಿಂದ ಹೊರಗೆ ಬಂದವನು ಮಲ್ಲೇಶಪ್ಪ ಎಂಬ ನೇಕಾರ. ಎರಡೂ ಕೈ ಸುಟ್ಟಿದ್ದವು. ಹಿಂದಿನ ದಿನವಷ್ಟೇ ಅವನು ಸೊಸೈಟಿಯ ಚೇರ್ಮನ್ನರ ಜೊತೆ ಜಗಳವಾಡಿದ್ದ. ಸುಟ್ಟ ಕೈಯೇ ಸಾಕ್ಷಿ ಎಂದು ಪೊಲೀಸರು ಹಿಡಿದರು. ಕೇಸು ಶಾಂತವೀರನ ಬಳಿ ಬಂತು.

ಅವನು ನನ್ನ ಪತ್ರಿಕಾ ಕಚೇರಿಗೆ ಬಂದಾಗ ನಾನು ಆ ತಿಂಗಳ ಮೂರನೇ ಪುಟದ ಕರಡು ತಿದ್ದುತ್ತಿದ್ದೆ. ಎದುರಿನ ಕುರ್ಚಿ ಎಳೆದುಕೊಂಡು ಕೂತು, "ನೀಲ್ಯಾ, ಮಲ್ಲೇಶಪ್ಪನ ಕೇಸಿಗೆ ಮಾತು ಸಿಕ್ಕತಿ ನೋಡು. ಆ ಗೋದಾಮಿನಾಗ ಅವನು ಮೂರು ತಿಂಗಳು ನೇಯ್ದ ಸೀರಿ ಇದ್ದವು. ತನ್ನ ದುಡಿಮಿಗೆ ತಾನ ಬೆಂಕಿ ಹಚ್ಚಾಂವ ಯಾರದಾನ? ಇಷ್ಟ. ಇದನ್ನ ಯಾರರ ಆಡ್ಯಾರೇನು ನೋಡಿ ಹೇಳು" ಎಂದ.

ಅದನ್ನು ಆಡಿಯಾಗಿತ್ತು. ಹದಿನೈದು ದಿನ ಹಿಂದೆ, ಒಂದು ಶನಿವಾರ, ಕೋರ್ಟಿನ ಗುಮಾಸ್ತರೊಬ್ಬರ ಮಗಳ ಮದುವೆಗೆ ವಕೀಲರೆಲ್ಲ ಹೋಗಿದ್ದಾಗ, ಪರವೂರಿನ ವಕೀಲನೊಬ್ಬ ಬಣವೆ ಸುಟ್ಟ ಕೇಸಿನಲ್ಲಿ ಇದೇ ವಾದ ಮಾಡಿ ಬಸ್ಸು ಹತ್ತಿದ್ದ. ಎದುರು ಪಕ್ಷದವರು ಬಂದಿರಲಿಲ್ಲ. ಕೇಳಿದ ನ್ಯಾಯಾಧೀಶರು ಮರುವಾರವೇ ವರ್ಗವಾಗಿ ಹೋಗಿದ್ದರು. ಕೇಳಿಸಿಕೊಂಡು ಬರೆದುಕೊಂಡವನು ನಾನೊಬ್ಬ. ಆ ಸಾಲು ನನ್ನ ಎದುರಿಗಿದ್ದ ಕರಡಿನಲ್ಲಿ, ಮೇಲಿನಿಂದ ಆರನೆಯದಾಗಿ, ಇನ್ನೂ ಹಸಿ ಶಾಯಿಯಲ್ಲಿ ಇತ್ತು. ಅದರ ಮೇಲೆ ನನ್ನ ಮೊಣಕೈ ಇತ್ತು.

ಮೊಣಕೈ ತೆಗೆದಿದ್ದರೆ ಅವನಿಗೆ ಕಾಣುತ್ತಿತ್ತು. ನಾನು ತೆಗೆಯಲಿಲ್ಲ. ಎಡಗೈಯಿಂದ ಹಳೆಯ ಸಂಚಿಕೆಗಳ ಕಟ್ಟನ್ನು ಎಳೆದು, ಪುಟ ತಿರುವಿದಂತೆ ಮಾಡಿ, "ಇಲ್ಲ ಬಿಡು. ಇನ್ನೂ ಉಳದೈತಿ" ಎಂದೆ.

"ನನಗ ಗೊತ್ತಿತ್ತು" ಎಂದು ಅವನು ಎದ್ದು ನನ್ನ ಹೆಗಲು ತಟ್ಟಿ ಹೋದ. ಅವನ ಚಪ್ಪಲಿಯ ಸದ್ದು ಮರೆಯಾದ ಮೇಲೆ ಮೊಣಕೈ ಎತ್ತಿದೆ. ಅಂಗಿಯ ತೋಳಿಗೆ ಶಾಯಿ ಹತ್ತಿತ್ತು. ಆರನೆಯ ಸಾಲನ್ನು ಹೊಡೆದು ಹಾಕಿ, ಏಳನೆಯದನ್ನು ಮೇಲೆ ತರಲು ಗುರುತು ಮಾಡಿ, ಕರಡನ್ನು ಅಚ್ಚುಕೂಟಕ್ಕೆ ಕಳಿಸಿದೆ.

ವಾದದ ದಿನ ಕೋರ್ಟು ತುಂಬಿತ್ತು. ಮುಖಪುಟದ ಮನುಷ್ಯನ ಮಾತು ಕೇಳಲು ಪಕ್ಕದ ಊರಿನಿಂದಲೂ ವಕೀಲರು ಬಂದಿದ್ದರು. ಸರ್ಕಾರಿ ವಕೀಲರು ಸುಟ್ಟ ಕೈಗಳ ವಿಚಾರ ಹೇಳಿ ಕೂತರು. ಶಾಂತವೀರ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಬಾಯಿ ತೆರೆದ. ಏನೂ ಬರಲಿಲ್ಲ. ಮುಗುಳ್ನಕ್ಕು, ನೀರು ಕುಡಿದು, ಮತ್ತೆ ತೆರೆದ. ಮೂರನೆಯ ಸಲ ಅವನ ಕುತ್ತಿಗೆಯ ನರ ಉಬ್ಬಿದ್ದು ನಾನು ಕೂತಲ್ಲಿಗೆ ಕಾಣಿಸಿತು. ಯಾರೂ ನಗಲಿಲ್ಲ. ನಮ್ಮಲ್ಲಿ ಮೂಕನಾದ ವಕೀಲ ತಾನಾಗಿ ಕೂರುವುದು ಪದ್ಧತಿ. ಅವನು ಬಹಳ ಹೊತ್ತು ನಿಂತಿದ್ದು ಕೂತ. ಕಟಕಟೆಯಲ್ಲಿದ್ದ ಮಲ್ಲೇಶಪ್ಪ ಏನಾಯಿತೆಂದು ತಿಳಿಯದೆ, ಬಟ್ಟೆ ಸುತ್ತಿದ ಕೈಗಳನ್ನು ಎದೆಗೆ ಒತ್ತಿ ಹಿಡಿದು, ಶಾಂತವೀರನನ್ನೂ ನ್ಯಾಯಾಧೀಶರನ್ನೂ ನೋಡುತ್ತಿದ್ದ. ಹೊಸದಾಗಿ ಬಂದಿದ್ದ ಆ ನ್ಯಾಯಾಧೀಶೆ ತೀರ್ಪನ್ನು ಹತ್ತು ದಿನ ಬಿಟ್ಟು ಹೇಳುವುದಾಗಿ ಬರೆಸಿದರು.

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆಯಿತು. ಮನೆಯಲ್ಲಿ ಕಮಲಾಕ್ಷಿ ಸುದ್ದಿ ಕೇಳಿ ಅತ್ತಳು. ಅಲ್ಲಿಗೆ ಅದು ನಿಂತಿತು.

ಮರುದಿನದಿಂದ ಶಾಂತವೀರ ಕೋರ್ಟಿಗೆ ಬರಲಿಲ್ಲ. ನೋಡಿ ಬಂದವರು, ಕೋಟನ್ನು ಮಡಚಿ ಪೆಟ್ಟಿಗೆಗೆ ಹಾಕಿದ್ದಾನೆ, ಜೋಳದ ರೊಟ್ಟಿಯನ್ನೂ ಅರ್ಧಕ್ಕೆ ಬಿಡುತ್ತಾನೆ ಎಂದರು. ಅವನ ಮನೆಯ ಮುಂದೆ ಸಮಾಧಾನ ಹೇಳುವವರ ಚಪ್ಪಲಿಗಳು ಸಾಲಾಗಿ ಇರುತ್ತಿದ್ದವು. ಮಾತು ನಿಂತ ಮೇಲೂ ಅವನಿಗೆ ಅಷ್ಟು ಜನ. ನನಗೆ ಜ್ವರ ಬಂದು ಮೂರು ವಾರ ಮಲಗಿದ್ದಾಗ ಬಂದಿದ್ದವನು ಅವನೊಬ್ಬನೇ ಎಂದು ನೆನಪಾಗಿ, ಅದಕ್ಕೂ ಸಂಕಟಪಟ್ಟೆ. ನಾನೂ ಹೋದೆ. ಅವನು ಎದ್ದು ಕೂತು, "ನಿನ್ನ ತಪ್ಪಲ್ಲ ಬಿಡಲೇ. ನೀ ನೋಡಿ ಹೇಳಿದ ಮ್ಯಾಲೆ ಯಾರೋ ನಡುವ ಆಡಿರಬೇಕು. ಇಲ್ಲಾ ನನ್ನ ನಾಲಿಗಿನ ಸತ್ತಿರಬೇಕು" ಎಂದ. ನನ್ನ ಮೇಲೆ ಅವನಿಗೆ ಒಂದು ಎಳೆಯಷ್ಟೂ ಸಂಶಯವಿರಲಿಲ್ಲ. ಅವನ ಮಾತಿನ ಮೇಲೆ ಇದ್ದ ಹೊಟ್ಟೆಕಿಚ್ಚಿಗಿಂತ ಈ ನಂಬಿಕೆಯ ಮೇಲೆ ಹುಟ್ಟಿದ್ದು ದೊಡ್ಡದಾಗಿತ್ತು. ನಾನು ಯಾರನ್ನೂ ಹಾಗೆ ನಂಬಿದವನಲ್ಲ.

ಏಳನೆಯ ದಿನ ಮಲ್ಲೇಶಪ್ಪನ ಹೆಂಡತಿ ಬಸಲಿಂಗವ್ವ ಕಚೇರಿಗೆ ಬಂದಳು. ಬಾಗಿಲ ಬಳಿಯೇ ನಿಂತು, "ಸಾಹೇಬ್ರ, ನಿಮ್ಮ ಪುಸ್ತಕದಾಗ ಆಡಿ ಮುಗಿದ ಮಾತೆಲ್ಲ ಬರದಿರ್ತಾರಂತ. ಹೌದೇನ್ರಿ?" ಎಂದಳು.

"ಹೌದವ್ವಾ."

"ಉಳದ ಮಾತು ಎಲ್ಲಿ ಬರದಿರ್ತಾರ್ರಿ?"

"ಅದನ್ನ ಎಲ್ಲೂ ಬರಿಯೂದಿಲ್ಲ."

"ಹಂಗಾದ್ರ ಮುಗಿದದ್ದ ಓದ್ರಿ. ಎಲ್ಲಾ ಓದ್ರಿ. ನಾ ಕೇಳ್ಕೋತ ಕೂಡ್ತೀನಿ. ಅದರಾಗ ಇಲ್ಲದ್ದು ಒಂದು ನನಗ ಹೊಳದ್ರೂ ಹೊಳೀಬಹುದು. ನಮ್ಮವರ ಕೈ ಸುಟ್ಟು ಅನ್ನ ಕಲಿಸಾಕ ಬರವಲ್ದು, ಪೊಲೀಸರ ತಿನಸ್ತಾರಂತ" ಎಂದು ನೆಲದ ಮೇಲೆ ಕೂತಳು.

ನಾನು ಓದಿದೆ. ಇಪ್ಪತ್ತೈದು ವರ್ಷದ ಸಂಚಿಕೆಗಳಲ್ಲಿ ಮೊದಲ ಎರಡು ವರ್ಷ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಅವಳು ನಾಳೆ ಬರುತ್ತೇನೆಂದು ಹೋಗಿ ಮರುದಿನವೂ ಬಂದಳು. ಒಂದೊಂದು ಸಾಲಿಗೂ ತಲೆಯಾಡಿಸಿ, ಬೆರಳು ಮಡಚುತ್ತ, ಬಿಡಿಸುತ್ತ ಕೇಳಿದಳು. ಹೀಗೆ ಬಂದರೆ ಹತ್ತನೇ ದಿನದೊಳಗೆ ಕೊನೆಯ ಸಂಚಿಕೆಯ ಮೂರನೇ ಪುಟ ಮುಟ್ಟುವುದಿಲ್ಲ, ಮುಟ್ಟಿದರೂ ಅಲ್ಲಿ ಆ ಸಾಲಿಲ್ಲ. ಒಂಬತ್ತನೆಯ ದಿನ ಅವಳು ಕೇಳಿದಳು, "ಸಾಹೇಬ್ರ, ನಿಮ್ಮ ಮಾತು ಇದರಾಗ ಯಾವುದೈತ್ರಿ? ಒಂದೂ ಬರಲಿಲ್ಲಲ್ಲ." ನಾನು ಪುಸ್ತಕ ಮುಚ್ಚಿ, ಇವತ್ತಿಗೆ ಸಾಕು ಎಂದೆ.

ತೀರ್ಪಿನ ದಿನ ನಾನು ಕೋಟು ಹಾಕಿಕೊಂಡು ಹೋದೆ. ಬಹಳ ವರ್ಷದ ಮೇಲೆ ಹಾಕಿದ್ದು, ಭುಜದಲ್ಲಿ ಬಿಗಿಯಾಗಿತ್ತು. ನ್ಯಾಯಾಧೀಶೆ ಕಡತ ತೆರೆಯುವ ಮೊದಲೇ ಎದ್ದು ನಿಂತು, ಈ ಕೇಸಿನಲ್ಲಿ ಒಂದು ಮಾತು ಹೇಳಬೇಕಿದೆ ಎಂದು ಅನುಮತಿ ಕೇಳಿದೆ. ನನ್ನ ದನಿ ಹೊರಡುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನೂರು ವರ್ಷದಲ್ಲಿ ಯಾರಾದರೊಬ್ಬ ವಕೀಲ ಅಲ್ಲಿ ನಿಂತು ಇದನ್ನು ಹೇಳಿರಬಹುದು ಎಂದುಕೊಂಡೆ. ಯಾರೂ ಹೇಳಿರಲಿಲ್ಲ. ಮಾತು ಸಲೀಸಾಗಿ ಬಂತು.

"ಗಲಗಲಿಯವರು ಅವತ್ತು ಆಡಬೇಕೆಂದಿದ್ದ ಮಾತು ಅದಕ್ಕೂ ಮೊದಲೇ ಮುಗಿದಿತ್ತು. ಕೇಳಿ ಬರೆದುಕೊಂಡವನು ನಾನು. ಅವರು ಬಂದು ಕೇಳಿದಾಗ ಇನ್ನೂ ಉಳಿದಿದೆ ಎಂದು ಸುಳ್ಳು ಹೇಳಿ, ಪತ್ರಿಕೆಯಿಂದ ಆ ಸಾಲನ್ನು ತೆಗೆದೆ. ಅವರ ಮೇಲಿನ ಹೊಟ್ಟೆಕಿಚ್ಚಿಗೆ ತೆಗೆದೆ. ಅವತ್ತಿನ ಮೌನ ನನ್ನದು. ಅದನ್ನು ಆರೋಪಿಯ ಲೆಕ್ಕಕ್ಕೆ ಹಿಡಿಯಬಾರದು."

ನ್ಯಾಯಾಧೀಶೆ ಕನ್ನಡಕ ತೆಗೆದು, "ನೀವು ಏನು ಹೇಳುತ್ತಿದ್ದೀರಿ ಎನ್ನುವುದು ನಿಮಗೆ ಗೊತ್ತಿದೆಯೇ?" ಎಂದು ಕೇಳಿದರು.

"ಗೊತ್ತಿದೆ ಮೇಡಂ."

ಮಲ್ಲೇಶಪ್ಪನ ಸಲುವಾಗಿ ನಿಂತೆನೋ, ಒಮ್ಮೆಯಾದರೂ ಆ ಕೋರ್ಟು ನನ್ನತ್ತ ತಿರುಗಿ ನೋಡಲಿ ಎಂದು ನಿಂತೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ಎಲ್ಲರೂ ನೋಡಿದ್ದಂತೂ ಹೌದು. ನ್ಯಾಯಾಧೀಶೆ ತೀರ್ಪು ನಿಲ್ಲಿಸಿ, ವಾದವನ್ನು ಮತ್ತೆ ಕೇಳುವುದಾಗಿ ಎಂಟು ದಿನದ ಗಡುವು ಕೊಟ್ಟರು.

ಸುದ್ದಿ ಮುಟ್ಟಿದ ಸಂಜೆಯೇ ಶಾಂತವೀರ ಪೆಟ್ಟಿಗೆಯಿಂದ ಕೋಟು ತೆಗೆಸಿದನಂತೆ. ಜೈಲಿಗೆ ಹೋಗಿ ಮಲ್ಲೇಶಪ್ಪನ ಎದುರು ಒಂದು ತಾಸು ಕೂತು, ಕೈಗೆ ಸುತ್ತಿದ ಬಟ್ಟೆ ಬಿಚ್ಚಿಸಿ ನೋಡಿದನಂತೆ. ಎಂಟನೆಯ ದಿನ ಅವನು ಎದ್ದು ಆಡಿದ್ದು ಇಷ್ಟೇ: "ಕಡ್ಡಿ ಗೀರಿದವನಿಗೆ ಬೆರಳ ತುದಿ ಸುಡುತ್ತದೆ. ಉರಿಯುವ ಬಾಗಿಲನ್ನು ತಳ್ಳಿದವನಿಗೆ ಅಂಗೈ ಸುಡುತ್ತದೆ. ಈ ಮನುಷ್ಯನ ಕೈಗಳನ್ನು ನೋಡಬೇಕು." ಮಲ್ಲೇಶಪ್ಪ ಕಟಕಟೆಯ ಮೇಲೆ ಎರಡೂ ಕೈ ಚಾಚಿದ. ಬೆರಳ ತುದಿಗಳೆಲ್ಲ ಚೆನ್ನಾಗಿದ್ದವು. ಅಂಗೈಗಳಲ್ಲಿ ಚರ್ಮವಿರಲಿಲ್ಲ. ಅವನು ತನ್ನ ಸೀರೆಗಳನ್ನು ಉಳಿಸಿಕೊಳ್ಳಲು ಒಳಗೆ ನುಗ್ಗಿದ್ದ. ಪೊಲೀಸರ ಸಾಕ್ಷಿಯೇ ಅವನ ಸಾಕ್ಷಿಯಾಯಿತು. ಬಿಡುಗಡೆಯಾದ. ನೇಯಲು ಮತ್ತೆ ಆ ಕೈಗಳಿಗೆ ಆಗಲಿಲ್ಲ. ಮಗ್ಗಕ್ಕೆ ಬಸಲಿಂಗವ್ವ ಕೂತಳು, ಅವನು ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಾನೆ.

ಹೊರಗೆ ಬಂದ ವಕೀಲರೆಲ್ಲ, ಮೊದಲಿನ ಮಾತಿಗಿಂತ ಇದು ಸಾವಿರ ಪಾಲು ಮೇಲು ಎಂದರು. ಮೊದಲಿನದನ್ನೇ ಆಡಿದ್ದರೆ ಇದು ಅವನಿಗೆ ಹೊಳೆಯುತ್ತಿರಲಿಲ್ಲ ಎಂದೂ ಒಬ್ಬರು ನನಗೆ ಕೇಳಿಸುವಂತೆ ಹೇಳಿದರು. ಅಂದರೆ ನನ್ನ ಸುಳ್ಳು ಅವನನ್ನು ಇನ್ನೊಂದು ಮೆಟ್ಟಿಲು ಹತ್ತಿಸಿತ್ತು. ಅವತ್ತು ನಾನು ಎದೆಯುರಿಗೆ ಸೋಡಾ ಕುಡಿದೆ.

ಸಂಘದವರು ನನ್ನನ್ನು ತೆಗೆದರು. ಐದು ತಿಂಗಳು ಪತ್ರಿಕೆ ಬರಲಿಲ್ಲ. ಅಷ್ಟರಲ್ಲಿ ನಾಲ್ಕು ಜನ ವಕೀಲರು ಕೋರ್ಟಿನಲ್ಲಿ ಮೂಕರಾದರು. ಶನಿವಾರದ ಖಾಲಿ ಕೋರ್ಟಿನಲ್ಲಿ ಕೂತು ಕೇಳುವ ತಾಳ್ಮೆ ಇನ್ನೊಬ್ಬರಿಗೆ ಇಲ್ಲವೆಂದು ನನ್ನನ್ನೇ ಕರೆದರು, ಒಂದು ಷರತ್ತಿನ ಮೇಲೆ: ಮೂರನೇ ಪುಟದ ಕರಡಿಗೆ ಇಬ್ಬರ ಸಹಿ ಬೇಕು. ಎರಡನೆಯ ಸಹಿ ಶಾಂತವೀರನದು.

ಹೀಗಾಗಿ ಹದಿನೈದು ವರ್ಷದಿಂದ ತಿಂಗಳಿಗೊಮ್ಮೆ ಅವನು ನನ್ನ ಕಚೇರಿಗೆ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾನೆ. ಮೊದಲ ಸಲ ಬಂದಾಗ ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವನು ಕರಡನ್ನು ಪೂರ್ತಿ ಓದಿ, ಕನ್ನಡಕದ ಮೇಲಿನಿಂದ ನೋಡಿ, "ಎಲ್ಲಿ ಸಹಿ ಮಾಡ್ಲಿ ಹೇಳ್ರಿ ಸವಡಿಯವರ" ಎಂದ. ನಾನು ಬೆರಳಿಟ್ಟು ತೋರಿಸಿದೆ. "ಬರ್ತೀನ್ರಿ" ಎಂದು ಎದ್ದು ಹೋದ. ಸಿಟ್ಟಿನಿಂದ ಹೇಳಿದ್ದಲ್ಲ. ಹೊರಗಿನವರೊಂದಿಗೆ ಹೇಗೆ ಮಾತಾಡುತ್ತಾನೋ ಹಾಗೆ. ಅಂದಿನಿಂದ ಇಂದಿನವರೆಗೂ ಹಾಗೆಯೇ.

ಈಗ ಅವನ ವಾದಗಳನ್ನು ಪಟ್ಟಿಗೆ ಬರೆಯುವಾಗ ನನಗೆ ಏನೂ ಆಗುವುದಿಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಎನಿಸುತ್ತದೆ, ಅಷ್ಟೇ. ಆದರೆ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ದ್ಯಾವಪ್ಪ ಎಂಬ ಮುದುಕನಿದ್ದಾನೆ. ಶಾಂತವೀರ ಕೋರ್ಟಿನಿಂದ ಇಳಿದು ಬಂದು ಬೆಂಚಿನ ಮೇಲೆ ಕೂತು, "ಲೇ ದ್ಯಾವ್ಯಾ, ಒಂದು ಚಹಾ ಕೊಡಲೇ" ಎನ್ನುತ್ತಾನೆ. ಮುದುಕ ತಲೆಯೆತ್ತದೆ ಚಹಾ ಸೋಸುತ್ತಾನೆ, ಆ 'ಲೇ' ತನ್ನ ಕಿವಿಗೆ ಬಿದ್ದೇ ಇಲ್ಲವೆಂಬಂತೆ. ನಾನು ನನ್ನ ಲೋಟ ಹಿಡಿದು ಆಚೆ ಬೆಂಚಿನಲ್ಲಿ ಕೂತಿರುತ್ತೇನೆ. ಆ ದ್ಯಾವಪ್ಪನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.